ಮರದ ಗರುಡ, ಮರಳಿನ ಕೊಡ

ಅದ್ಭುತವೆಂಬುದು ನಮ್ಮ ಆಲಂಕಾರಿಕರು ಎಣಿಸಿದ ರಸಗಳಲ್ಲೊಂದು. ಅದರ ಸ್ಥಾಯಿಭಾವ ವಿಸ್ಮಯ. ಈ ವಿಸ್ಮಯವನ್ನು ಹುಟ್ಟಿಸುವ ಕಥೆಗಳು ಈಗ ನಮ್ಮ ಮನೆಗಳಿಗೆ ಎರಡು ಬಗೆಯಾಗಿ ಬರುತ್ತವೆ. ಒಂದು, ವರ ಶಾಪ ಮಾಯೆಗಳ ಕಥೆ. ಇನ್ನೊಂದು, ಯಂತ್ರ ಗ್ರಹ ನಕ್ಷತ್ರಗಳ ವಿಜ್ಞಾನ ಕಥೆ. ಎರಡನ್ನೂ ಬೆರೆಸಿ ಹೇಳುವುದು ಹೊಸ ಕಾಲದ ಹುಚ್ಚೆಂದು ಕೆಲವರು ಮೂಗು ಮುರಿಯುವುದುಂಟು. ಈ ಬೆರಕೆ ಎಷ್ಟು ಹಳೆಯದು, ಅದರ ಲಾಭವೇನು, ಅಪಾಯವೆಲ್ಲಿ ಎಂಬುದನ್ನು ತಿಳಿಯಲು ನಮ್ಮ ಮಲಪ್ರಭೆಯ ಸೀಮೆಯಲ್ಲಿಯೇ ಒಂದು ಸುತ್ತು ಹಾಕಿ ಬರೋಣ.

ಮೊದಲು ಸವದತ್ತಿ. ಎಲ್ಲಮ್ಮನ ಗುಡ್ಡಕ್ಕೆ ಹೋದವರೆಲ್ಲ ಕೇಳಿದ ಕಥೆಯಿದು. ರೇಣುಕೆ ದಿನವೂ ಹೊಳೆಯ ಹಸಿ ಮರಳಿನಿಂದ ಕೊಡ ಮಾಡಿ, ಹಾವನ್ನು ಸಿಂಬಿಯಾಗಿ ಸುತ್ತಿ, ಜಮದಗ್ನಿಯ ಪೂಜೆಗೆ ನೀರು ತರುತ್ತಿದ್ದಳು. ಒಂದು ಗಳಿಗೆ ಮನಸ್ಸು ಚಲಿಸಿತು. ಮರಳು ಮತ್ತೆ ಕೊಡವಾಗಲಿಲ್ಲ. ಮುನಿಯ ಕೋಪ, ಮಗನ ಕೊಡಲಿ, ಕಡೆಗೆ ಆ ಮಗನೇ ಬೇಡಿದ ವರದಿಂದ ತಾಯಿಗೆ ಮರುಜೀವ. ಸತ್ತವಳು ಬದುಕಿದ್ದು ಹೇಗೆಂದು ಇಲ್ಲಿ ಯಾರೂ ಕೇಳುವುದಿಲ್ಲ. ಮುನಿಯ ಮಾತೇ ಕಾರಣ.

ದೂರದ ಇಂಗ್ಲೆಂಡಿನಲ್ಲಿ 1818ರಲ್ಲಿ ಮೇರಿ ಶೆಲ್ಲಿಯೆಂಬ ತರುಣಿಯ 'ಫ್ರಾಂಕೆನ್‌ಸ್ಟೈನ್' ಪ್ರಕಟವಾಯಿತು. ಅಲ್ಲಿಯೂ ನಿರ್ಜೀವ ದೇಹಕ್ಕೆ ಜೀವ ಬರುತ್ತದೆ. ಆದರೆ ಜೀವ ಕೊಟ್ಟವನು ತಪಸ್ವಿಯಲ್ಲ, ಶಾಸ್ತ್ರ ಓದಿದ ವಿದ್ಯಾರ್ಥಿ. ಸತ್ತ ಕಪ್ಪೆಯ ಕಾಲಿಗೆ ವಿದ್ಯುತ್ತು ತಾಗಿದರೆ ಅದು ಅದುರುವುದನ್ನು ಇಟಲಿಯ ಗಾಲ್ವಾನಿ 18ನೆಯ ಶತಮಾನದ ಕೊನೆಯಲ್ಲಿ ತೋರಿಸಿದ್ದನು. ಆ ಚರ್ಚೆ ಲೇಖಕಿಯ ಕಿವಿಗೂ ಬಿದ್ದಿತ್ತು. ಎರಡು ಕಥೆಗಳಲ್ಲಿಯೂ ವಿಸ್ಮಯ ಒಂದೇ. ಕಾರಣ ಮಾತ್ರ ಬೇರೆ.

ಈ ಎರಡು ಕಾರಣಗಳನ್ನು ಒಂದೇ ಕಥೆಯಲ್ಲಿ ಕೂಡಿಸಬಹುದೇ? ನಮ್ಮವರು ಎಂದೋ ಕೂಡಿಸಿದ್ದಾರೆ. 1199ರಲ್ಲಿ ಜೈನಮುನಿ ಪೂರ್ಣಭದ್ರನು ಸಿದ್ಧಪಡಿಸಿದ ಸಂಸ್ಕೃತ ಪಂಚತಂತ್ರದಲ್ಲಿ ಒಬ್ಬ ನೇಕಾರನ ಕಥೆಯಿದೆ. ಅವನು ರಾಜಕುವರಿಯನ್ನು ಮೋಹಿಸಿದನು. ಗೆಳೆಯನೊಬ್ಬನು ಕೀಲು ತಿರುಗಿಸಿದರೆ ಹಾರುವ ಮರದ ಗರುಡನನ್ನು ಮಾಡಿಕೊಟ್ಟನು. ನೇಕಾರನು ವಿಷ್ಣುವಿನ ವೇಷದಲ್ಲಿ ಅದನ್ನೇರಿ ಅಂತಃಪುರಕ್ಕೆ ಇಳಿದನು. ಮುಂದೆ ಶತ್ರುಗಳು ಮುತ್ತಿದಾಗ ಅರಸನು ಈ ಅಳಿಯನನ್ನೇ ನೆಚ್ಚಿ ಕುಳಿತನು. ಸಾಯಲು ಸಿದ್ಧನಾಗಿ ನೇಕಾರನು ರಣಕ್ಕೆ ಹೊರಟಾಗ, ತನ್ನ ಹೆಸರು ಕೆಟ್ಟೀತೆಂದು ನಿಜವಾದ ವಿಷ್ಣುವೇ ಅವನ ದೇಹವನ್ನು ಹೊಕ್ಕನು. ನಿಜವಾದ ಗರುಡನು ಮರದ ಗರುಡನನ್ನು ಹೊಕ್ಕನು. ಯಂತ್ರ ಎಲ್ಲಿಯವರೆಗೆ ಹಾರುತ್ತದೆ, ದೈವ ಎಲ್ಲಿ ಕೈ ಕೊಡುತ್ತದೆ ಎಂಬ ಗಡಿಯನ್ನು ಕಥೆಗಾರ ಸ್ಪಷ್ಟವಾಗಿ ಎಳೆದಿದ್ದಾನೆ. ಆದ್ದರಿಂದಲೇ ಆ ಬೆರಕೆ ಕೆಡಲಿಲ್ಲ.

ಸವದತ್ತಿಯಿಂದ ಪಡುವಣಕ್ಕೆ ಕಿತ್ತೂರಿಗೆ ನಡೆಯಿರಿ. ಹಾಳುಬಿದ್ದ ಅರಮನೆಯ ದಪ್ಪ ಗೋಡೆಯಲ್ಲಿ ಧ್ರುವ ನಕ್ಷತ್ರವನ್ನು ನೋಡಲೆಂದೇ ಮಾಡಿದ ಕಿಂಡಿಯೊಂದನ್ನು ತೋರಿಸುತ್ತಾರೆ. ಒಮ್ಮೆ ಮಕ್ಕಳನ್ನು ಕರೆದೊಯ್ದಾಗ ಅದರಲ್ಲಿ ಇಣುಕಿದ ಹುಡುಗನೊಬ್ಬ, "ಸರ, ಧ್ರುವ ಇನ್ನೂ ಅಲ್ಲೇ ಕುಂತಾನೇನ್ರೀ?" ಎಂದು ಕೇಳಿದ. ನಾನು ಕನ್ನಡ ಪಂಡಿತ. ಮಲತಾಯಿ ಸುರುಚಿ ತಂದೆಯ ತೊಡೆಯಿಂದ ದೂರ ಮಾಡಿದ್ದು, ಮಗು ತಪಸ್ಸಿಗೆ ಕುಳಿತದ್ದು, ವಿಷ್ಣು ಅಲುಗದ ಪದವಿ ಕೊಟ್ಟದ್ದು ಎಲ್ಲ ಹೇಳಿದೆ. ಹುಡುಗನಿಗೆ ಸಂತೋಷವಾಯಿತು. ಅರ್ಧ ಉತ್ತರ ಮಾತ್ರ ಕೊಟ್ಟೆನೆಂಬುದು ಮನೆಗೆ ಬಂದ ಮೇಲೆ ನನಗೆ ಹೊಳೆಯಿತು.

ಉಳಿದರ್ಧ ಹೀಗಿದೆ. ಕಿತ್ತೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 15½ ಡಿಗ್ರಿಯಲ್ಲಿದೆ. ಆದುದರಿಂದ ಅಲ್ಲಿ ಧ್ರುವ ಕಾಣುವುದೂ ದಿಗಂತದಿಂದ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ. ಧ್ರುವ ಪೂರ್ತಿ ಅಚಲನೂ ಅಲ್ಲ. ಚೆನ್ನಮ್ಮನ ಕಾಲದಲ್ಲಿ ಅದು ಆಕಾಶದ ಧ್ರುವಬಿಂದುವಿನಿಂದ ಸುಮಾರು 1¾ ಡಿಗ್ರಿ ದೂರವಿತ್ತು. ಈಗ ¾ ಡಿಗ್ರಿಗಿಂತ ಹತ್ತಿರವಿದೆ. ಭೂಮಿಯ ಅಕ್ಷ ಬುಗುರಿಯಂತೆ ಓಲಾಡುತ್ತ ಸುಮಾರು 26,000 ವರ್ಷಕ್ಕೆ ಒಂದು ಸುತ್ತು ಬರುವುದರಿಂದ, ಮುಂದೊಂದು ಕಾಲಕ್ಕೆ ಆ ಪದವಿ ಬೇರೆ ನಕ್ಷತ್ರಕ್ಕೆ ಹೋಗುತ್ತದೆ. ಇನ್ನೂ ಒಂದು ಸೋಜಿಗ ಕೇಳಿ. ಧ್ರುವನ ಬೆಳಕು ನಮ್ಮನ್ನು ಮುಟ್ಟಲು ನಾಲ್ಕು ಶತಮಾನಕ್ಕೂ ಮಿಕ್ಕಿ ಬೇಕು. ಮಲ್ಲಶೆಟ್ಟಿ ಸೋದರರು ಕಿತ್ತೂರ ದೇಸಗತಿಯನ್ನು ಕಟ್ಟಿದರೆಂದು ಹೇಳುವ 1585ರ ಆಸುಪಾಸಿನಲ್ಲಿ ಹೊರಟ ಬೆಳಕು ಈಗ ನಮ್ಮ ಕಣ್ಣಿಗೆ ಬೀಳುತ್ತಿದೆ! ಯಾವ ಮಾಯೆಯ ಕಥೆ ಇದಕ್ಕಿಂತ ದೊಡ್ಡದು? ಪುರಾಣದ ಧ್ರುವ ಮಗುವಿನ ಛಲವನ್ನು ಕಲಿಸುತ್ತಾನೆ. ಆಕಾಶದ ಧ್ರುವ ಕಾಲದ ಉದ್ದವನ್ನು ಕಲಿಸುತ್ತಾನೆ. ಹುಡುಗನಿಗೆ ಎರಡೂ ಸಲ್ಲಬೇಕಾಗಿತ್ತು.

ಅಪಾಯವೆಲ್ಲಿ ಎಂಬುದಕ್ಕೆ ಬೈಲಹೊಂಗಲದಲ್ಲಿ ಒಂದು ಗಳಿಗೆ ನಿಲ್ಲೋಣ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಕಲೆಕ್ಟರ್ ಥ್ಯಾಕರೆಯ ಸೈನ್ಯವನ್ನು ಮುರಿದ ಚೆನ್ನಮ್ಮ ರಾಣಿ, ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು; ಸಮಾಧಿಯೂ ಅಲ್ಲಿಯೇ ಇದೆ. ಇದೇ ಸೀಮೆಯ ಸಂಗೊಳ್ಳಿಯ ರಾಯಣ್ಣ 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು. ಅಲ್ಲಿಯ ಆಲದ ಮರಕ್ಕೆ ಹೆಣ್ಣುಮಕ್ಕಳು ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ಲಾವಣಿಕಾರರು ಅವನನ್ನು ಹಿಗ್ಗಿಸಿ ಹಾಡುತ್ತಾರೆ. ಹಾಡಿನಲ್ಲಿ ಅದು ಶೋಭೆ. ಆದರೆ ಅವನಿಗೆ ಗುಂಡೇ ತಾಗುತ್ತಿರಲಿಲ್ಲವೆಂದು ಇತಿಹಾಸದ ಪಾಠದಲ್ಲಿ ಹೇಳಿದರೆ ಅವನ ಧೈರ್ಯಕ್ಕೆ ಬೆಲೆಯೇನು ಉಳಿಯಿತು? ಪುಷ್ಪಕವನ್ನು ತೋರಿಸಿ ವಿಮಾನ ನಮ್ಮಲ್ಲಿಯೇ ಇತ್ತೆಂದು ಸಾಧಿಸುವುದೂ ಇಂಥದೇ ತಪ್ಪು. ಅಲ್ಲಿ ಕಥೆಯೂ ಕೆಟ್ಟಿತು, ವಿಜ್ಞಾನವೂ ಕೆಟ್ಟಿತು.

ಇನ್ನು ರಾಮದುರ್ಗ. ಅದಕ್ಕೆ ಮೇಲುಗಡೆ, ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ, ನವಿಲು ಕೂಗಿದಾಗ ಗುಡ್ಡ ಸೀಳಿ ಹೊಳೆಗೆ ದಾರಿಯಾಯಿತೆಂದು ಐತಿಹ್ಯ. ನೀರು ಎಣಿಸಲಾರದಷ್ಟು ಕಾಲ ಗಟ್ಟಿ ಬಂಡೆಯನ್ನು ಸವೆಸಿತೆಂದು ಭೂಗರ್ಭಶಾಸ್ತ್ರ. ಆ ಕಣಿವೆಗೇ 1970ರ ದಶಕದಲ್ಲಿ ಎಂಜಿನಿಯರರು ಅಣೆಕಟ್ಟನ್ನು ಹಾಕಿದರು. ಸುಮಾರು 37 ಟಿ.ಎಂ.ಸಿ., ಎಂದರೆ 3,700 ಕೋಟಿ ಘನ ಅಡಿ ನೀರು ಹಿಡಿಯುವ ಆ ಜಲಾಶಯಕ್ಕೆ ರೇಣುಕಾಸಾಗರವೆಂದು ಹೆಸರಾಯಿತು. ಮರಳಿನ ಕೊಡದಲ್ಲಿ ನೀರು ಹೊತ್ತವಳ ಹೆಸರು ಇಷ್ಟು ದೊಡ್ಡ ಕೊಡಕ್ಕೆ ಬಂದದ್ದು ಎಷ್ಟು ಸೊಗಸು! ಆದರೆ 2019ರ ಆಗಸ್ಟಿನಲ್ಲಿ ಹೊಳೆ ಉಕ್ಕಿ ರಾಮದುರ್ಗದ ಮನೆಗಳಿಗೆ ನುಗ್ಗಿದಾಗ, ತಾಯಿ ಮುನಿದಳೆಂಬ ಮಾತು ದುಃಖಕ್ಕೆ ನೆರವಾದೀತೇ ಹೊರತು ಪಾತ್ರೆ ಪಗಡಿ ಎತ್ತಲು ನೆರವಾಗದು. ಅದಕ್ಕೆ ಬೇಕಾದದ್ದು ಎಷ್ಟು ಕ್ಯೂಸೆಕ್ ಬಿಟ್ಟರು, ಎಷ್ಟು ಹೊತ್ತಿಗೆ ಊರು ಮುಟ್ಟೀತು ಎಂಬ ಲೆಕ್ಕ.

ಆ ಲೆಕ್ಕವೂ ಇರುವ, ಆ ತಾಯಿಯೂ ಇರುವ ಕಥೆಯನ್ನು ಈ ಸೀಮೆಯ ತರುಣರು ಬರೆಯಬೇಕು. ಮರದ ಗರುಡನ ಕಥೆಗಾರನಂತೆ ಗಡಿಯನ್ನು ತಿಳಿದು ಬೆರೆಸಿದರೆ ಅದು ಕೆಡದು. ಇಂದಿನ ರಾತ್ರಿ ರೇಡಿಯೋ ಮುಗಿದ ಮೇಲೆ ತಾವು ಮಕ್ಕಳನ್ನು ಅಂಗಳಕ್ಕೆ ಕರೆತಂದು ಬಡಗಣ ದಿಕ್ಕಿಗೆ ಧ್ರುವನನ್ನು ತೋರಿಸಿರಿ. ಕಥೆಯನ್ನೂ ಹೇಳಿರಿ, ಲೆಕ್ಕವನ್ನೂ ಹೇಳಿರಿ. ನನ್ನಂತೆ ಅರ್ಧಕ್ಕೆ ನಿಲ್ಲಿಸಬೇಡಿರಿ.