ಹಳೇ ಕಂಪ್ಯೂಟರ್‌ನಲ್ಲಿ ಮ್ಯೂಸಿಕ್ ಸಾಫ್ಟ್‌ವೇರ್ ಅಪ್‌ಗ್ರೇಡ್ ಮಾಡಬೇಕೇ? ಫಾರ್ವರ್ಡ್ ನಂಬುವ ಮುನ್ನ ಇದನ್ನು ಓದಿ

"ಹೊಸ ವರ್ಷನ್ ಹಾಕಿದರೆ ಸೌಂಡ್ ಕ್ಲಿಯರ್ ಆಗುತ್ತದೆ." "64 ಬಿಟ್ ಹಾಕಿಕೊಳ್ಳಿ, ಲ್ಯಾಪ್‌ಟಾಪ್ ಫಾಸ್ಟ್ ಆಗುತ್ತದೆ." "ಈ ಲಿಂಕ್‌ನಲ್ಲಿ ಫುಲ್ ವರ್ಷನ್ ಉಚಿತ." ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವವರ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಮಾತುಗಳು ಓಡಾಡುತ್ತಲೇ ಇರುತ್ತವೆ. ಇವನ್ನು ನಂಬಿ ಎಂಟು-ಹತ್ತು ವರ್ಷ ಹಳೆಯ ಲ್ಯಾಪ್‌ಟಾಪ್‌ಗೆ ಹೊಸ ವರ್ಷನ್ ಹಾಕಿದರೆ, ನಿಮ್ಮದೇ ಹಳೆಯ ಹಾಡುಗಳು ಸರಿಯಾಗಿ ತೆರೆಯದೇ ಹೋಗಬಹುದು. ಹಾಗಾಗಿ ಒಂದೊಂದೇ ಮಾತನ್ನು ಪರಿಶೀಲಿಸೋಣ.

ಹೊಸ ವರ್ಷನ್‌ನಿಂದ ಸೌಂಡ್ ಚೆನ್ನಾಗಿ ಆಗುತ್ತದೆಯೇ?

ಇಲ್ಲ. ನೀವು ಹಾಡಿದ್ದು ಕಂಪ್ಯೂಟರ್‌ನಲ್ಲಿ ಅಂಕಿಗಳ ರೂಪದಲ್ಲಿ ಉಳಿದಿರುತ್ತದೆ. ಸಾಫ್ಟ್‌ವೇರ್ ಬದಲಾದ ಮಾತ್ರಕ್ಕೆ ಆ ಅಂಕಿಗಳು ಬದಲಾಗುವುದಿಲ್ಲ. ಹೊಸ ವರ್ಷನ್‌ನಲ್ಲಿ ಗದ್ದಲ ತೆಗೆಯುವ ಉತ್ತಮ ಸಾಧನಗಳು ಇರಬಹುದು, ಕೆಲಸ ಸುಲಭವಾಗಬಹುದು. ಆದರೆ ಧ್ವನಿಯ ಗುಣಮಟ್ಟವನ್ನು ಹೆಚ್ಚಾಗಿ ನಿರ್ಧರಿಸುವುದು ಮೈಕ್, ಕೋಣೆ ಮತ್ತು ಹಾಡುವವರು. ಫ್ಯಾನ್ ಆಫ್ ಮಾಡಿ, ದಪ್ಪ ಪರದೆ ಎಳೆದು ರೆಕಾರ್ಡ್ ಮಾಡಿದರೆ ಸಿಗುವ ಲಾಭ ಎಷ್ಟೋ ಸಲ ಅಪ್‌ಗ್ರೇಡ್‌ನಿಂದ ಸಿಗುವುದಿಲ್ಲ.

64 ಬಿಟ್ ಎಂದರೆ ವೇಗವೇ?

64 ಬಿಟ್ ಎನ್ನುವುದು ಇಲ್ಲಿ ಮುಖ್ಯವಾಗಿ ಮೆಮೊರಿಗೆ ಸಂಬಂಧಿಸಿದ್ದು. 32 ಬಿಟ್ ಸಾಫ್ಟ್‌ವೇರ್ ಸುಮಾರು 429 ಕೋಟಿ ವಿಳಾಸಗಳನ್ನಷ್ಟೇ ಗುರುತಿಸಬಲ್ಲದು, ಅಂದರೆ 4 ಜಿಬಿ. ಅದಕ್ಕಿಂತ ಹೆಚ್ಚು ಮೆಮೊರಿ ಬಳಸಲು 64 ಬಿಟ್ ಬೇಕು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇರುವುದೇ 4 ಜಿಬಿ ರ‍್ಯಾಮ್ ಆದರೆ ಆ ಲಾಭ ನಿಮಗೆ ದಕ್ಕುವುದಿಲ್ಲ. ವಿಂಡೋಸ್ 32 ಬಿಟ್ ಆಗಿದ್ದರಂತೂ 64 ಬಿಟ್ ಸಾಫ್ಟ್‌ವೇರ್ ಓಡುವುದೇ ಇಲ್ಲ.

ನಿಜವಾದ ನಷ್ಟ ಎಲ್ಲಿ ಆಗುತ್ತದೆ?

ಮೊದಲನೆಯದು ಪ್ಲಗಿನ್‌ಗಳು. ಎಕೋ, ರಿವರ್ಬ್, ತಬಲಾ, ಪಿಯಾನೋ ಮುಂತಾದವನ್ನು ಕೊಡುವ ಈ ಚಿಕ್ಕ ಸಾಫ್ಟ್‌ವೇರ್‌ಗಳು ಮುಖ್ಯ ಸಾಫ್ಟ್‌ವೇರ್‌ಗೆ ಹೊಂದಿಕೊಳ್ಳಲೇಬೇಕು. 2013ರ ಪ್ರೋ ಟೂಲ್ಸ್ 11 ಪೂರ್ತಿ 64 ಬಿಟ್ ಆದಾಗ ಹಳೆಯ ಆರ್‌ಟಿಎಎಸ್ ಪ್ಲಗಿನ್‌ಗಳು ಅದರಲ್ಲಿ ನಡೆಯಲಿಲ್ಲ. 2016ರ ಕ್ಯೂಬೇಸ್ 9 ಮತ್ತು 2018ರ ಏಬಲ್ಟನ್ ಲೈವ್ 10 ಕೂಡ 32 ಬಿಟ್ ಪ್ಲಗಿನ್‌ಗಳನ್ನು ಕೈಬಿಟ್ಟವು. 2019ರಲ್ಲಿ ಬಂದ ಮ್ಯಾಕ್ ಕ್ಯಾಟಲಿನಾದಲ್ಲಿ 32 ಬಿಟ್‌ನ ಯಾವ ಆ್ಯಪ್ ಕೂಡ ತೆರೆಯುವುದಿಲ್ಲ. ಪ್ಲಗಿನ್ ಹೋದರೆ ಹಾಡಿನ ಫೈಲ್ ತೆರೆದರೂ ಆ ವಾದ್ಯದ ಜಾಗ ಖಾಲಿ ಇರುತ್ತದೆ.

ಎರಡನೆಯದು ಪ್ರಾಜೆಕ್ಟ್ ಫೈಲ್. ಹೊಸ ವರ್ಷನ್ ಹಳೆಯ ಫೈಲನ್ನು ತೆರೆಯುತ್ತದೆ, ಆದರೆ ಹೊಸದರಲ್ಲಿ ಸೇವ್ ಮಾಡಿದ್ದನ್ನು ಹಳೆಯದು ಎಷ್ಟೋ ಸಲ ತೆರೆಯುವುದಿಲ್ಲ. ಉಚಿತವಾಗಿ ಸಿಗುವ ಆಡಾಸಿಟಿಯನ್ನೇ ನೋಡಿ. 2021ರ 3.0 ವರ್ಷನ್‌ನಿಂದ ಅದರ ಪ್ರಾಜೆಕ್ಟ್ ಫೈಲ್‌ನ ಮಾದರಿಯೇ ಬದಲಾಯಿತು. ಅದನ್ನು 2ನೇ ಸರಣಿಯ ಆಡಾಸಿಟಿಯಲ್ಲಿ ತೆರೆಯಲಾಗದು. ಅಂದರೆ ಮುಂದೆ ಹೋದ ಮೇಲೆ ಹಿಂದಕ್ಕೆ ಬರುವ ದಾರಿ ಇರದಿರಬಹುದು.

ಹಾಗಾದರೆ ಯಾವಾಗ ಅಪ್‌ಗ್ರೇಡ್ ಮಾಡಬೇಕು?

ಈಗಿನ ವರ್ಷನ್‌ನಲ್ಲಿ ಕೆಲಸಕ್ಕೆ ಅಡ್ಡಿಯಾಗುವ ದೋಷವಿದ್ದು ಹೊಸದರಲ್ಲಿ ಅದು ಸರಿಯಾಗಿದ್ದರೆ, ನೀವು ಫೈಲ್ ಹಂಚಿಕೊಳ್ಳುವ ಸ್ಟುಡಿಯೋ ಹೊಸದನ್ನೇ ಬಳಸುತ್ತಿದ್ದರೆ, ಅಥವಾ ಹೊಸ ಆಡಿಯೋ ಇಂಟರ್‌ಫೇಸ್‌ಗೆ ಅದು ಬೇಕೇ ಬೇಕಿದ್ದರೆ ಮಾಡಿ. ಇವು ಯಾವುದೂ ಇಲ್ಲದಿದ್ದರೆ ಅವಸರ ಬೇಡ. ಅರ್ಧ ಮುಗಿದ ಹಾಡು ಕೈಯಲ್ಲಿದ್ದಾಗಲಂತೂ ಬೇಡವೇ ಬೇಡ.

ಒಂದು ವಿಷಯ ನೆನಪಿರಲಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದೇ ಕಂಪ್ಯೂಟರ್‌ನಲ್ಲಿ ಬ್ಯಾಂಕಿಂಗ್ ಕೂಡ ಮಾಡುತ್ತಿದ್ದರೆ ಸುರಕ್ಷತೆಯ ಬಗ್ಗೆ ಯೋಚಿಸಲೇಬೇಕು. ರೆಕಾರ್ಡಿಂಗ್‌ಗೆ ಮಾತ್ರ ಮೀಸಲಿಟ್ಟು, ಇಂಟರ್‌ನೆಟ್ ತೆಗೆದಿಟ್ಟರೆ ಅಪಾಯ ಬಹಳ ಕಡಿಮೆ.

ಮಾಡುವುದೇ ಆದರೆ ಈ ಕ್ರಮದಲ್ಲಿ ಮಾಡಿ

1. ಕಂಪನಿಯ ತಾಣದಲ್ಲಿ ಕನಿಷ್ಠ ಅಗತ್ಯ ಮತ್ತು ಶಿಫಾರಸು ಎರಡನ್ನೂ ಓದಿ. ಕನಿಷ್ಠ ಎಂದರೆ ತೆರೆದುಕೊಳ್ಳುತ್ತದೆ ಎಂದಷ್ಟೇ ಅರ್ಥ, ಆರಾಮಾಗಿ ನಡೆಯುತ್ತದೆ ಎಂದಲ್ಲ.

2. ನೀವು ಬಳಸುವ ಪ್ಲಗಿನ್‌ಗಳ ಪಟ್ಟಿ ಮಾಡಿ, ಒಂದೊಂದೂ ಹೊಸದರಲ್ಲಿ ನಡೆಯುತ್ತದೆಯೇ ನೋಡಿ.

3. ಮುಖ್ಯ ಹಾಡುಗಳ ಪ್ರತಿ ಟ್ರ್ಯಾಕನ್ನೂ ಮೊದಲಿನಿಂದ ಕೊನೆಯವರೆಗೆ ವೇವ್ ಫೈಲ್ ಮಾಡಿಡಿ. ಸಿಡಿ ಗುಣಮಟ್ಟದಲ್ಲಿ ನಿಮಿಷಕ್ಕೆ ಸುಮಾರು 10.6 ಎಂಬಿ. ಐದು ನಿಮಿಷದ, 12 ಟ್ರ್ಯಾಕಿನ ಹಾಡಿಗೆ ಸುಮಾರು 635 ಎಂಬಿ. 8 ಜಿಬಿ ಪೆನ್‌ಡ್ರೈವ್‌ನಲ್ಲಿ ಇಂಥ ಹತ್ತು ಹಾಡು ಹಿಡಿಸುತ್ತವೆ. ವೇವ್ ಫೈಲನ್ನು ಯಾವ ಮ್ಯೂಸಿಕ್ ಸಾಫ್ಟ್‌ವೇರ್ ಬೇಕಾದರೂ ತೆರೆಯುತ್ತದೆ.

4. ಸಾಧ್ಯವಿದ್ದರೆ ಹಳೆಯದನ್ನು ತೆಗೆಯದೆ ಟ್ರಯಲ್ ವರ್ಷನ್ ಹಾಕಿ. ಹಾಡಿನ ಒಂದು ಪ್ರತಿಯನ್ನು ಮಾತ್ರ ಅದರಲ್ಲಿ ತೆರೆದು ನೋಡಿ, ಮೂಲ ಫೈಲನ್ನು ಮುಟ್ಟಬೇಡಿ.

ಹಣ ಖರ್ಚು ಮಾಡದೆ ವೇಗ ಹೆಚ್ಚಿಸಬಹುದೇ?

ಖಂಡಿತ. ಸಾಫ್ಟ್‌ವೇರ್‌ನ ಬಫರ್ ಸೆಟ್ಟಿಂಗ್ ನೋಡಿ. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ 256ರ ಬಫರ್ ಎಂದರೆ ಸುಮಾರು 5.8 ಮಿಲಿಸೆಕೆಂಡ್, 1,024 ಎಂದರೆ ಸುಮಾರು 23 ಮಿಲಿಸೆಕೆಂಡ್ ತಡ. ಹಾಡುವಾಗ ಕಡಿಮೆ ಇಡಿ, ಇಲ್ಲವಾದರೆ ಹೆಡ್‌ಫೋನ್‌ನಲ್ಲಿ ನಿಮ್ಮ ದನಿ ತಡವಾಗಿ ಕೇಳಿಸುತ್ತದೆ. ಮಿಕ್ಸ್ ಮಾಡುವಾಗ ಹೆಚ್ಚಿಸಿ, ಚಟಪಟ ಸದ್ದು ಕಡಿಮೆಯಾಗುತ್ತದೆ. ಮುಗಿದ ಟ್ರ್ಯಾಕ್‌ಗಳಿಗೆ ಫ್ರೀಜ್ ಆಯ್ಕೆ ಬಳಸಿದರೆ ಪ್ರೊಸೆಸರ್‌ನ ಹೊರೆ ಇಳಿಯುತ್ತದೆ. ಸ್ವಲ್ಪ ಖರ್ಚು ಮಾಡಬಹುದಾದರೆ ಮೊದಲು ರ‍್ಯಾಮ್ ಮತ್ತು ಎಸ್‌ಎಸ್‌ಡಿ ಹಾಕಿಸಿ.

"ಉಚಿತ ಫುಲ್ ವರ್ಷನ್" ಲಿಂಕ್?

ಮುಟ್ಟಬೇಡಿ. ಇಂಥ ಕ್ರ್ಯಾಕ್ ಫೈಲ್‌ಗಳ ಜೊತೆ "ಆ್ಯಂಟಿವೈರಸ್ ಆಫ್ ಮಾಡಿ" ಎಂಬ ಸೂಚನೆ ಇರುತ್ತದೆ. ಅದು ಕಳ್ಳನಿಗೆ ಬಾಗಿಲು ತೆರೆದಿಟ್ಟ ಹಾಗೆ. ಕಾನೂನುಬದ್ಧವಾಗಿ ಉಚಿತ ಬೇಕಿದ್ದರೆ ಆಡಾಸಿಟಿ ಇದೆ, ಮ್ಯಾಕ್‌ನಲ್ಲಿ ಗ್ಯಾರೇಜ್‌ಬ್ಯಾಂಡ್ ಇದೆ. ಹಳೆಯ ಯಂತ್ರಗಳಲ್ಲೂ ಹಗುರವಾಗಿ ನಡೆಯುವ ರೀಪರ್ 60 ದಿನ ಪೂರ್ತಿ ಬಳಸಿ ನೋಡಲು ಸಿಗುತ್ತದೆ.

ಒಟ್ಟಿನಲ್ಲಿ, ಕೆಲಸ ಸರಿಯಾಗಿ ನಡೆಯುತ್ತಿದ್ದರೆ ಹಳೆಯ ವರ್ಷನ್ ಬಳಸುವುದು ಹಿಂದುಳಿದಂತೇನೂ ಅಲ್ಲ. ಸಾಫ್ಟ್‌ವೇರ್ ನಾಳೆಯೂ ಸಿಗುತ್ತದೆ, ಅಮ್ಮ ಹಾಡಿದ ಹಾಡಿನ ರೆಕಾರ್ಡಿಂಗ್ ಕಳೆದುಹೋದರೆ ಸಿಗುವುದಿಲ್ಲ. ಅಪ್‌ಗ್ರೇಡ್ ಮಾಡಿ ಅಥವಾ ಬಿಡಿ, ಇವತ್ತೇ ಒಂದು ಬ್ಯಾಕಪ್ ತೆಗೆದಿಡಿ. ಗುಂಪಿನಲ್ಲಿ ಮತ್ತೆ ಆ ಲಿಂಕ್ ಬಂದರೆ ಮುಂದಕ್ಕೆ ಕಳಿಸದೆ ಈ ಮಾಹಿತಿಯನ್ನು ಹಂಚಿಕೊಳ್ಳಿ.