ಮೈಸೂರಿನ ಬಟ್ಟೆಗಿರಣಿ ಮತ್ತು ಆಳಿನ ಹೊತ್ತು

ಮೈಸೂರು ನಗರದ ಈಶಾನ್ಯಕ್ಕಿರುವ ಕೆಸರೆಯು ಇಂದು ನಗರದೊಳಗೆ ಸೇರಿಹೋಗಿದ್ದರೂ ಮೊದಲು ಪ್ರತ್ಯೇಕ ಗ್ರಾಮವಾಗಿದ್ದಿತು. ಇದೇ ದಿಕ್ಕಿನಲ್ಲಿ, ಬೆಂಗಳೂರಿನ ಹೆದ್ದಾರಿಯ ಬಳಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ ಶ್ರೀ ಕೃಷ್ಣರಾಜೇಂದ್ರ ಗಿರಣಿಯು ಸ್ಥಾಪಿತವಾಯಿತು. ಅದಕ್ಕೆ ಮುನ್ನವೇ, 1912ರಲ್ಲಿ, ನಗರದಲ್ಲಿ ಸರ್ಕಾರದ ರೇಷ್ಮೆ ನೆಯ್ಗೆಯ ಕಾರ್ಖಾನೆಯು ಆರಂಭವಾಗಿದ್ದಿತು. ಗಿರಣಿಗಳ ಚರಿತ್ರೆಯನ್ನು ಬರೆಯುವವರು ಬಂಡವಾಳ, ಕದಿರುಗಳ ಸಂಖ್ಯೆ, ಲಾಭಾಂಶ ಇವುಗಳನ್ನು ವಿಸ್ತರಿಸಿ, ಆಳುಗಳ ವಿಷಯವನ್ನು ಒಂದು ವಾಕ್ಯದಲ್ಲಿ ಮುಗಿಸುವುದು ವಾಡಿಕೆ. ಆಳಿನ ಪಾಲಿಗಾದರೋ ಗಿರಣಿಯು ತಂದ ಮುಖ್ಯ ವ್ಯತ್ಯಾಸವು ಹೊತ್ತಿನದು.

ಕೈಮಗ್ಗದ ನೇಕಾರನು ಮಳೆಬಿಸಿಲು, ಹಬ್ಬಹುಣ್ಣಿಮೆಗಳನ್ನು ನೋಡಿಕೊಂಡು ಮನೆಯಲ್ಲಿಯೇ ನೆಯ್ಯುತ್ತಿದ್ದನು. ಅವನ ಕಷ್ಟವೇನೂ ಸಣ್ಣದಲ್ಲ. ನೂಲು ಕೊಟ್ಟ ಸಾಹುಕಾರನ ಸಾಲವು ಅವನನ್ನು ಬಿಡುತ್ತಿರಲಿಲ್ಲ. ಆದರೂ ಮಗ್ಗವು ಅವನಿಗಾಗಿ ಕಾಯುತ್ತಿದ್ದಿತು. ಗಿರಣಿಯಲ್ಲಿ ಯಂತ್ರವು ಯಾರಿಗಾಗಿಯೂ ಕಾಯದು.

ಅರಳೆಯ ಮೂಟೆಗಳನ್ನು ಬಿಚ್ಚಿ, ಬಡಿದು, ಹಿಂಜುವ ಕೊಠಡಿಗಳಲ್ಲಿ ಧೂಳು ಅತಿಶಯ. ವಾರದ ರಜ ಕಳೆದು ಬಂದ ಮೊದಲ ದಿನ ಎದೆ ಬಿಗಿದು ಕೆಮ್ಮು ಹತ್ತುವುದು ಇಂಥ ಆಳುಗಳಲ್ಲಿ ನಾನಾ ದೇಶಗಳಲ್ಲಿ ಕಂಡ ವ್ಯಾಧಿ. ಮೊದಮೊದಲು ಅದು ವಾರದ ನಡುವೆ ತಾನಾಗಿ ಇಳಿಯುತ್ತಿದ್ದುದರಿಂದ ಬಹುಕಾಲ ಅದಕ್ಕೆ ರೋಗದ ಗಣನೆಯೇ ದೊರೆಯಲಿಲ್ಲ. ನೂಲುವ ಅಂಕಣದಲ್ಲಿ ಎಳೆ ಕಡಿಯದಿರಲೆಂದು ಗಾಳಿಯನ್ನು ತೇವವಾಗಿಡಬೇಕು. ನೂಲಿಗೆ ಹಿತವಾದ ಆ ತೇವ, ಸೆಕೆಯೊಡನೆ ಸೇರಿದಾಗ, ಮೈಗೆ ಹಿತವಲ್ಲ. ಕದಿರುಗಳ ಸಾಲಿನುದ್ದಕ್ಕೂ ನಡೆಯುತ್ತ, ಯಂತ್ರವನ್ನು ನಿಲ್ಲಿಸದೆ, ಕಡಿದ ಎಳೆಗಳನ್ನು ಬೆರಳಿನಿಂದ ಹೊಸೆದು ಕೂಡಿಸುವುದೇ ಅಲ್ಲಿಯ ಕೆಲಸ. ಮಗ್ಗಗಳ ಕೊಠಡಿಯಲ್ಲಿ ಲಾಳಿಗಳ ಬಡಿತಕ್ಕೆ ಮಾತು ಕೇಳಿಸದು, ಕೈಸನ್ನೆಯೇ ಗತಿ. ನೇಕಾರರಿಗೆ ಸಾಮಾನ್ಯವಾಗಿ ನೆಯ್ದ ಅಳತೆಯ ಮೇಲೆ ಕೂಲಿ. ಆದುದರಿಂದ ನೂಲು ಕೆಟ್ಟದಾಗಿ ಬಂದ ದಿನ, ತಪ್ಪು ತಮ್ಮದಲ್ಲದಿದ್ದರೂ ನಷ್ಟವು ಅವರದೇ.

ಹಿಂದೆ ಕತ್ತಲೆಯೇ ದುಡಿಮೆಗೆ ಮೇರೆಯಾಗಿದ್ದಿತು. ವಿದ್ಯುದ್ದೀಪವು ಆ ಮೇರೆಯನ್ನು ಅಳಿಸಿತು. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ತನ್ನು ಉತ್ಪಾದಿಸಿದ ಸಂಸ್ಥಾನದಲ್ಲಿ ಇದು ದೂರದ ಮಾತಾಗಿರಲಿಲ್ಲ. ಇನ್ನು ಮೇರೆಯನ್ನು ಶಾಸನವೇ ಹಾಕಬೇಕಾಯಿತು. ಬ್ರಿಟಿಷ್ ಇಂಡಿಯದಲ್ಲಿ 1911ರ ಶಾಸನವು ಬಟ್ಟೆಗಿರಣಿಯ ಗಂಡಾಳಿಗೆ ದಿನಕ್ಕೆ 12 ಗಂಟೆಗಳ ಮಿತಿಯನ್ನು ಇಟ್ಟಿತು. 1922ರಲ್ಲಿ ಅದು 11ಕ್ಕೂ, 1934ರಲ್ಲಿ ವರ್ಷವಿಡೀ ನಡೆಯುವ ಕಾರ್ಖಾನೆಗಳಿಗೆ 10ಕ್ಕೂ, 1946ರಲ್ಲಿ 9ಕ್ಕೂ ಇಳಿಯಿತು. ಮೈಸೂರು ದೇಶೀಯ ಸಂಸ್ಥಾನವಾದುದರಿಂದ ಇವು ಇಲ್ಲಿಗೆ ನೇರವಾಗಿ ಅನ್ವಯಿಸುತ್ತಿರಲಿಲ್ಲ; ಸಂಸ್ಥಾನವು ತನ್ನ ಕಾನೂನನ್ನು ತಾನೇ ಮಾಡಿಕೊಳ್ಳಬೇಕಾಗಿದ್ದಿತು.

ಈ ಗಂಟೆಗಳೆಲ್ಲ ಗಿರಣಿಯ ಬಾಗಿಲ ಒಳಗಿನವು. ಹಳ್ಳಿಯಿಂದ ನಡೆದು ಬರುವ ಹೊತ್ತಾಗಲಿ, ಹೆಣ್ಣಾಳು ಕೆಲಸಕ್ಕೆ ಹೊರಡುವ ಮುನ್ನ ನೀರು ತಂದು ಒಲೆ ಹಚ್ಚುವ ಹೊತ್ತಾಗಲಿ ಆ ಲೆಕ್ಕದಲ್ಲಿ ಸೇರಿರಲಿಲ್ಲ.