ಉಪ್ಪು ಮಿತಿಯ ಪಥ್ಯ

ಅಧಿಕ ರಕ್ತದೊತ್ತಡವನ್ನು ಹತೋಟಿಯಲ್ಲಿಡಲು ಆಹಾರದ ಉಪ್ಪನ್ನು ತಗ್ಗಿಸುವ ಕ್ರಮ. ಅಡುಗೆ ಉಪ್ಪು ಎಂದರೆ ಸೋಡಿಯಂ ಕ್ಲೋರೈಡ್. ತೂಕದಲ್ಲಿ ಸುಮಾರು ಶೇ. 40 ಪಾಲು ಸೋಡಿಯಂ. ಹೆಚ್ಚಾದ ಸೋಡಿಯಂ ಅನ್ನು ಮೂತ್ರಪಿಂಡಗಳು ಪೂರ್ತಿ ಹೊರಹಾಕದಿದ್ದರೆ ಅದರ ಜೊತೆಗೆ ನೀರೂ ದೇಹದಲ್ಲೇ ನಿಲ್ಲುತ್ತದೆ, ರಕ್ತದ ಪ್ರಮಾಣ ಏರುತ್ತದೆ, ಒತ್ತಡವೂ ಏರುತ್ತದೆ. ವಯಸ್ಸಾದವರಲ್ಲಿ, ಮೂತ್ರಪಿಂಡದ ತೊಂದರೆ ಇರುವವರಲ್ಲಿ, ಆಗಲೇ ಬಿ.ಪಿ. ಇರುವವರಲ್ಲಿ ಈ ಪರಿಣಾಮ ಹೆಚ್ಚು.

ಉಪ್ಪಿಗೂ ರಕ್ತದೊತ್ತಡಕ್ಕೂ ಇರುವ ನಂಟನ್ನು 1904ರಲ್ಲೇ ಫ್ರಾನ್ಸಿನ ಆಂಬಾರ್ ಮತ್ತು ಬೋಜಾರ್ ಗುರುತಿಸಿದ್ದರು. ಒಳ್ಳೆಯ ಔಷಧಗಳಿಲ್ಲದ 1940ರ ದಶಕದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯ ವಾಲ್ಟರ್ ಕೆಂಪ್ನರ್, ತೀವ್ರ ಒತ್ತಡದ ರೋಗಿಗಳಿಗೆ ಬರೀ ಅನ್ನ, ಹಣ್ಣು, ಸಕ್ಕರೆ ಕೊಟ್ಟು ಹಲವರ ಒತ್ತಡ ಇಳಿಸಿದರು. ಆದರೆ ಆ ಸಪ್ಪೆ ಊಟವನ್ನು ಬಹುಕಾಲ ಉಣ್ಣುವುದು ಹೆಚ್ಚಿನವರಿಗೆ ಆಗದ ಮಾತು. 2001ರಲ್ಲಿ ಪ್ರಕಟವಾದ ‘ಡ್ಯಾಶ್-ಸೋಡಿಯಂ’ ಅಧ್ಯಯನ ಹೆಚ್ಚು ವ್ಯಾವಹಾರಿಕವಾದುದು: ಸೋಡಿಯಂ ಹಂತಹಂತವಾಗಿ ತಗ್ಗಿದಂತೆ ಒತ್ತಡವೂ ತಗ್ಗಿತು, ಜೊತೆಗೆ ಹಣ್ಣು, ತರಕಾರಿ, ಕೊಬ್ಬು ಕಡಿಮೆಯಿರುವ ಹಾಲಿನ ಪದಾರ್ಥ ಸೇರಿದಾಗ ಇನ್ನಷ್ಟು ಇಳಿಯಿತು.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಉಪ್ಪಿನ ಮಿತಿ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ. ಭಾರತೀಯರ ಸರಾಸರಿ ಸೇವನೆ ಇದಕ್ಕಿಂತ ಬಹಳ ಮೇಲಿದೆ. ಪಾಶ್ಚಾತ್ಯರಿಗೆ ಬಹುಪಾಲು ಉಪ್ಪು ಬರುವುದು ಬ್ರೆಡ್ಡು ಮತ್ತು ಪೊಟ್ಟಣದ ಆಹಾರದಿಂದ. ನಮಗೆ ಮನೆಯ ಉಪ್ಪಿನ ಡಬ್ಬಿಯಿಂದ. ಹಾಗಾಗಿ ಕಂಪನಿಗಳಿಗೆ ಕಾನೂನು ಮಾಡಿದರಷ್ಟೇ ಇಲ್ಲಿ ಕೆಲಸ ಮುಗಿಯದು. ಕನ್ನಡಿಗರ ಊಟದಲ್ಲಿ ಸಾರು, ಹುಳಿ, ಪಲ್ಯ ಪ್ರತಿಯೊಂದಕ್ಕೂ ಬೇರೆಬೇರೆಯಾಗಿ ಉಪ್ಪು ಬೀಳುತ್ತದೆ. ಕೊನೆಗೆ ಮಜ್ಜಿಗೆ ಅನ್ನಕ್ಕೂ ಒಂದು ಚಿಟಿಕೆ ಹಾಕಿ ಕಲಸಿ, ಉಪ್ಪಿನಕಾಯಿಯನ್ನೋ ಬಾಳಕದ ಮೆಣಸಿನಕಾಯಿಯನ್ನೋ ನಂಚಿಕೊಳ್ಳುತ್ತೇವೆ. ಹಪ್ಪಳ, ಕರಾವಳಿಯ ಒಣಮೀನು, ಹಲಸಿನ ಉಪ್ಪುಸೊಳೆ ಇದೇ ಸಾಲಿನವು. ಅಡುಗೆ ಸೋಡಾದಲ್ಲೂ ಸೋಡಿಯಂ ಇದೆ ಎಂಬುದು ಅನೇಕರಿಗೆ ಹೊಳೆಯುವುದಿಲ್ಲ.

ಬಿ.ಪಿ. ಇರುವವರೊಬ್ಬರಿಗೇ ಬೇರೆ ಪಾತ್ರೆಯಲ್ಲಿ ಸಪ್ಪೆ ಅಡುಗೆ ಮಾಡುವ ಪದ್ಧತಿ ಹೆಚ್ಚು ದಿನ ಬಾಳುವುದಿಲ್ಲ. ಮನೆಮಂದಿಯ ಅಡುಗೆಯಲ್ಲೇ ಉಪ್ಪನ್ನು ಸ್ವಲ್ಪಸ್ವಲ್ಪವಾಗಿ ಇಳಿಸುವುದು ಮೇಲು. ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ನಿಂಬೆರಸ, ಕಾಳುಮೆಣಸು, ಇಂಗಿನ ಒಗ್ಗರಣೆ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತವೆ.

ಸೈಂಧವ ಲವಣವಾಗಲಿ ಕಲ್ಲುಪ್ಪಾಗಲಿ ಬಿ.ಪಿ.ಗೆ ಒಳ್ಳೆಯದೆಂಬ ನಂಬಿಕೆಗೆ ಆಧಾರವಿಲ್ಲ. ಅವೂ ಮುಖ್ಯವಾಗಿ ಸೋಡಿಯಂ ಕ್ಲೋರೈಡೇ, ಸಾಲದ್ದಕ್ಕೆ ಅಯೋಡಿನ್ ತಪ್ಪಿಹೋಗುವ ಸಂಭವವಿದೆ. ಉಪ್ಪಿನ ಒಂದು ಭಾಗವನ್ನು ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಬದಲಿ ಉಪ್ಪಿನ ಕಥೆ ಬೇರೆ. ಚೀನಾದ 600 ಹಳ್ಳಿಗಳಲ್ಲಿ ಇದನ್ನು ಪರೀಕ್ಷಿಸಿದಾಗ ಪಾರ್ಶ್ವವಾಯು ಶೇ. 14ರಷ್ಟು ಕಡಿಮೆಯಾಯಿತೆಂದು 2021ರಲ್ಲಿ ವರದಿಯಾಯಿತು. ಆದರೆ ಮೂತ್ರಪಿಂಡದ ಕಾಯಿಲೆ ಇರುವವರಲ್ಲಿ, ಕೆಲವು ಬಿ.ಪಿ. ಮಾತ್ರೆ ನುಂಗುವವರಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಅಂಥವರು ವೈದ್ಯರನ್ನು ಕೇಳದೆ ಬದಲಿ ಉಪ್ಪು ಬಳಸಬಾರದು. ಉಪ್ಪು ಕಡಿಮೆ ಮಾಡಿದೆನೆಂದು ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಲೂಬಾರದು.